ಮನೆ ನಮ್ಮದು, ಬಾಗಿಲ ಕೀಲಿ ಯಾರದ್ದು?

ಕಳೆದ ತಿಂಗಳ ಒಂದು ಭಾನುವಾರ ಬೆಳಿಗ್ಗೆ ನಮ್ಮ ಬಳಗದ ನಿವೃತ್ತ ಮೇಷ್ಟ್ರು ಫೋನ್ ಮಾಡಿದ್ರು. "ಏನಪ್ಪಾ ಇದು, ನನ್ನ ಫೈಲು ಒಂದೂ ಕಾಣ್ತಿಲ್ವಲ್ಲ! ಎಂಟು ತಿಂಗಳು ಕೂತು ಸ್ಕ್ಯಾನ್ ಮಾಡಿದ್ದೆಲ್ಲಾ ಹೋಯ್ತಾ?" ನನ್ನ ಎದೆ ಧಸಕ್ ಅಂತು. ಹಿಂದಿನ ರಾತ್ರಿ ಸರ್ವರ್‌ಗೆ ಕೈ ಹಾಕಿದ್ದು ನಾನೇ.

ನಾವು 14 ಜನ ಸೇರಿ ಹಳೆಯ ಹೋರಾಟಗಳ ಕರಪತ್ರ, ಸಭೆಯ ನಡಾವಳಿ, ಫೋಟೊಗಳನ್ನು ಡಿಜಿಟಲ್ ರೂಪದಲ್ಲಿ ಕಾಪಿಡುತ್ತಿದ್ದೇವೆ. ದೊಡ್ಡ ಕಂಪನಿಗಳ ಡ್ರೈವ್ ಬೇಡ ಅಂತ ಬಾಡಿಗೆ ಸರ್ವರ್ ತಗೊಂಡು, ನೆಕ್ಸ್ಟ್‌ಕ್ಲೌಡ್ ಎಂಬ ಮುಕ್ತ ತಂತ್ರಾಂಶ ಹಾಕಿಕೊಂಡೆವು. ಆದ್ರೆ ಪಾಸ್‌ವರ್ಡ್ ಗೋಳು ತಪ್ಪಲಿಲ್ಲ. ವಾರಕ್ಕೊಬ್ಬರು ಮರೆಯೋರು. ಇಬ್ಬರಂತೂ ವಾಟ್ಸಾಪ್ ಗ್ರೂಪಿನಲ್ಲೇ ಪಾಸ್‌ವರ್ಡ್ ಹಾಕಿಬಿಟ್ಟಿದ್ರು. ಕೊನೆಗೆ ನಾನೇ 'ಗೂಗಲ್ ಮೂಲಕ ಲಾಗಿನ್' ಬಟನ್ ಜೋಡಿಸಲು ಹೊರಟೆ. ಇಂಜಿನಿಯರಿಂಗ್ ಓದಿ ಪತ್ರಕರ್ತನಾದವನಿಗೆ ಇಂಥ ಕೆಲಸ ತಪ್ಪಿದ್ದಲ್ಲ.

ಈ ಬಟನ್ ಹಿಂದಿನ ತರ್ಕ ನಮಗೆಲ್ಲ ಗೊತ್ತಿರೋದೇ. ಕಾಲೇಜಿಗೆ ಸೇರುವಾಗ ಅಂಕಪಟ್ಟಿಯ ಪ್ರತಿಗೆ ಗೆಜೆಟೆಡ್ ಅಧಿಕಾರಿಯ ಸಹಿ ಹಾಕಿಸುತ್ತಿದ್ದೆವಲ್ಲ, ಹಾಗೆ. ಕಾಲೇಜಿಗೆ ನೀವು ಯಾರೋ ಗೊತ್ತಿಲ್ಲ, ಆದ್ರೆ ಆ ಸಹಿಯ ಮೇಲೆ ನಂಬಿಕೆಯಿದೆ. ಇಲ್ಲಿ ಸಹಿ ಹಾಕೋ ಅಧಿಕಾರಿ ಗೂಗಲ್. ಇದಕ್ಕೆ ಎರಡು ಮುಕ್ತ ಮಾನದಂಡಗಳಿವೆ: 2012ರ ಓಆತ್ 2.0, ಅದರ ಮೇಲೆ 2014ರಲ್ಲಿ ಕಟ್ಟಿದ ಓಪನ್‌ಐಡಿ ಕನೆಕ್ಟ್.

ಕೆಲಸ ನಡೆಯೋದು ಹೀಗೆ. ಮೊದಲು ನಮ್ಮ ಆಪ್ ಅನ್ನು ಗೂಗಲ್‌ನಲ್ಲಿ ನೋಂದಾಯಿಸಬೇಕು. ಆಗ ಒಂದು ಕ್ಲೈಂಟ್ ಐಡಿ, ಒಂದು ಗುಪ್ತ ಕೀಲಿ ಸಿಗುತ್ತೆ. ಲಾಗಿನ್ ಆದ ಮೇಲೆ ಬಳಕೆದಾರರನ್ನು ಎಲ್ಲಿಗೆ ವಾಪಸ್ ಕಳಿಸಬೇಕು ಅನ್ನೋ ವಿಳಾಸವನ್ನು ನಾವು ಮೊದಲೇ ಬರೆದುಕೊಡಬೇಕು. ಅದು ಅಕ್ಷರಶಃ ಹೊಂದಬೇಕು. ಕೊನೆಯಲ್ಲೊಂದು ಓರೆಗೆರೆ ಹೆಚ್ಚಾದರೂ ಗೂಗಲ್ ಒಪ್ಪಲ್ಲ. ನಾನು ಅಷ್ಟಕ್ಕೇ ಒಂದು ಗಂಟೆ ಕಳೆದೆ. ಆದ್ರೆ ಈ ಹಟಕ್ಕೆ ಕಾರಣವಿದೆ: ವಿಳಾಸ ಸಡಿಲ ಬಿಟ್ಟರೆ ಬೇರೆಯವರು ನಿಮ್ಮನ್ನು ತಮ್ಮ ಸೈಟಿಗೆ ತಿರುಗಿಸಿಕೊಳ್ಳಬಹುದು.

ಬಟನ್ ಒತ್ತಿದಾಗ ಬ್ರೌಸರ್ ಗೂಗಲ್‌ಗೆ ಹೋಗುತ್ತೆ. ಪಾಸ್‌ವರ್ಡ್ ಹಾಕೋದು ಅಲ್ಲೇ, ನಮ್ಮ ಸರ್ವರ್ ಅದನ್ನು ನೋಡೋದೇ ಇಲ್ಲ. ಗೂಗಲ್ ಒಂದೇ ಸಲ ಬಳಸಬಹುದಾದ ಕೋಡ್ ಕೊಟ್ಟು ವಾಪಸ್ ಕಳಿಸುತ್ತೆ. ನಮ್ಮ ಸರ್ವರ್ ಆ ಕೋಡ್ ಮತ್ತು ಗುಪ್ತ ಕೀಲಿ ತೋರಿಸಿ, ನೇರವಾಗಿ ಗೂಗಲ್‌ನಿಂದ ಸಹಿ ಮಾಡಿದ ಟೋಕನ್ ಪಡೆಯುತ್ತೆ. ಸಹಿ ಸರಿಯಿದೆಯಾ, ಅದು ನಮ್ಮ ಆಪ್‌ಗೇ ಕೊಟ್ಟಿದ್ದಾ, ಅವಧಿ ಮುಗಿದಿದೆಯಾ ಅಂತ ನೋಡಿ ಒಳಗೆ ಬಿಡುತ್ತೆ.

ಹಾಗಾದ್ರೆ ಮೇಷ್ಟ್ರ ಫೈಲು ಎಲ್ಲಿ ಹೋದವು? ಎಲ್ಲೂ ಹೋಗಿರಲಿಲ್ಲ. ಟೋಕನ್‌ನಲ್ಲಿ ಪ್ರತಿ ವ್ಯಕ್ತಿಗೂ ಬದಲಾಗದ ಒಂದು ಗುರುತಿನ ಸಂಖ್ಯೆ ಇರುತ್ತೆ. ಆ ಸಂಖ್ಯೆಗೂ ಮೇಷ್ಟ್ರ ಹಳೆಯ ಖಾತೆಗೂ ಸಂಬಂಧ ಇದೆ ಅಂತ ನೆಕ್ಸ್ಟ್‌ಕ್ಲೌಡ್‌ಗೆ ನಾನು ಹೇಳಿರಲೇ ಇಲ್ಲ. ಅದು ಅವರನ್ನು ಹೊಸಬರು ಅಂದುಕೊಂಡು ಖಾಲಿ ಖಾತೆ ತೆರೆದಿತ್ತು. ಒಂದು ಖಾತೆಯ ಫೈಲುಗಳನ್ನು ಇನ್ನೊಂದಕ್ಕೆ ವರ್ಗಾಯಿಸುವ ಕಮಾಂಡ್ ಇದೆ. ಮೊದಲು ಬ್ಯಾಕಪ್ ತೆಗೆದು, ಒಬ್ಬೊಬ್ಬರದ್ದೇ ಸರಿಮಾಡಿದೆ. ಇಮೇಲ್ ಹೊಂದಿಸಿ ಖಾತೆ ಜೋಡಿಸೋದು ಸುಲಭ ಅನ್ನಿಸಬಹುದು. ಆದ್ರೆ ಇಮೇಲ್ ವಿಳಾಸ ಬದಲಾಗುತ್ತೆ, ಸಂಸ್ಥೆಗಳಲ್ಲಿ ಒಬ್ಬರದ್ದು ಇನ್ನೊಬ್ಬರ ಕೈಸೇರುತ್ತೆ. ಆ ದಾರೀಲಿ ಬೇರೆಯವರ ಖಾತೆಯೊಳಗೆ ಹೋಗುವ ಅಪಾಯವಿದೆ.

ಇನ್ನೊಂದು ಎಡವಟ್ಟು ಅದೃಷ್ಟವಶಾತ್ ತಪ್ಪಿತು. 'ನೀನು ಯಾರು' ಅನ್ನೋದಕ್ಕೆ ಮಾತ್ರ ಗೂಗಲ್ ಸಾಕ್ಷಿ ಹೇಳುತ್ತೆ. 'ನೀನು ಒಳಗೆ ಬರಬಹುದಾ' ಅನ್ನೋದನ್ನು ನಾವೇ ತೀರ್ಮಾನಿಸಬೇಕು. ಅದನ್ನು ಹೊಂದಿಸದೇ ಬಿಟ್ಟರೆ ಜಿಮೇಲ್ ಇರೋ ಯಾರು ಬೇಕಾದ್ರೂ ನಮ್ಮಲ್ಲಿ ಖಾತೆ ತೆರೆಯಬಹುದು. ನಮ್ಮ ಆಪ್ ಗೂಗಲ್‌ನಲ್ಲಿ ಇನ್ನೂ ಪರೀಕ್ಷಾ ಹಂತದಲ್ಲಿದೆ, ಅಲ್ಲಿ ಗರಿಷ್ಠ 100 ಜನರನ್ನು ನಾವೇ ಹೆಸರಿಸಬೇಕು. ಸದ್ಯ ಅಲ್ಲಿ ನಮ್ಮ 14 ಹೆಸರಷ್ಟೇ ಇವೆ.

ಇಲ್ಲಿಗೆ ತಾಂತ್ರಿಕ ಪಾಠ ಮುಗೀತು, ರಾಜಕೀಯದ್ದು ಶುರು. ಸಹಿ ಹಾಕೋ ಅಧಿಕಾರಿ ರಜೆ ಹಾಕಿದ್ರೆ? 2020ರ ಡಿಸೆಂಬರ್ 14ರಂದು ಗೂಗಲ್‌ನ ದೃಢೀಕರಣ ವ್ಯವಸ್ಥೆಯೇ ಮುಕ್ಕಾಲು ಗಂಟೆಯಷ್ಟು ಕೆಟ್ಟುನಿಂತಿತ್ತು. ಸಹಿ ಕಳುವಾದ್ರೆ? 2018ರಲ್ಲಿ ಫೇಸ್‌ಬುಕ್‌ನ ಸುಮಾರು 3 ಕೋಟಿ ಖಾತೆಗಳ ಟೋಕನ್‌ಗಳು ಕಳುವಾದವು. ಅಧಿಕಾರಿಯೇ 'ನಿನಗೆ ಸಹಿ ಹಾಕಲ್ಲ' ಅಂದ್ರೆ? 2025ರ ಜುಲೈನಲ್ಲಿ ಐರೋಪ್ಯ ಒಕ್ಕೂಟದ ನಿರ್ಬಂಧದ ನಂತರ ಮೈಕ್ರೋಸಾಫ್ಟ್, ಗುಜರಾತಿನಲ್ಲಿ ತೈಲ ಸಂಸ್ಕರಣಾಗಾರ ಇರುವ ನಯಾರಾ ಎನರ್ಜಿಗೆ ಸೇವೆ ನಿಲ್ಲಿಸಿತು. ಕಂಪನಿ ದೆಹಲಿ ಹೈಕೋರ್ಟಿಗೆ ಹೋಯಿತು, ಕೆಲವೇ ದಿನಗಳಲ್ಲಿ ಸೇವೆ ಮರಳಿತು. ಅಷ್ಟು ದೊಡ್ಡ ಕಂಪನಿಗೆ ಹೈಕೋರ್ಟಿನ ದಾರಿಯಿದೆ. ನಮ್ಮ 14 ಜನರ ಬಳಗಕ್ಕೆ?

ಇನ್ನೊಂದು ಮಾತು. ನಮ್ಮ ಕರಪತ್ರಗಳನ್ನು ಗೂಗಲ್ ಓದಲಾರದು, ನಿಜ. ಆದ್ರೆ ಯಾವ ಖಾತೆಯವರು, ಯಾವ ಆಪ್‌ಗೆ, ಯಾವಾಗ ಲಾಗಿನ್ ಆದ್ರು ಅನ್ನೋದು ಅದಕ್ಕೆ ಗೊತ್ತಿರುತ್ತೆ. ಹೋರಾಟದ ಬಳಗಕ್ಕೆ ಸದಸ್ಯರ ಪಟ್ಟಿಯೇ ಕರಪತ್ರಕ್ಕಿಂತ ಸೂಕ್ಷ್ಮ ಮಾಹಿತಿ ಆಗಿರಬಹುದು.

ಹಾಗಂತ ಎಲ್ಲರೂ ಹಳೇ ಪಾಸ್‌ವರ್ಡ್‌ಗೇ ವಾಪಸ್ ಹೋಗಿ ಅಂತ ನಾನು ಹೇಳಲ್ಲ. ವಾಟ್ಸಾಪ್‌ನಲ್ಲಿ ಹಂಚಿದ ಪಾಸ್‌ವರ್ಡ್‌ಗಿಂತ, ಎರಡು ಹಂತದ ದೃಢೀಕರಣ ಇರೋ ಗೂಗಲ್ ಖಾತೆ ಎಷ್ಟೋ ಸುರಕ್ಷಿತ. ಆದ್ರೆ ಮೂರು ಕೆಲಸ ಮಾಡಿ. ಗೂಗಲ್ ಇಲ್ಲದೆಯೂ ಒಳಹೋಗಬಲ್ಲ ಒಂದು ಅಡ್ಮಿನ್ ಖಾತೆ ಸರ್ವರ್‌ನಲ್ಲೇ ಇರಲಿ, ಅದರ ಪಾಸ್‌ವರ್ಡ್ ಇಬ್ಬರ ಬಳಿ ಕಾಗದದಲ್ಲಿರಲಿ. ಗುಪ್ತ ಕೀಲಿಯನ್ನು ಚಾಟ್‌ನಲ್ಲಿ ಕಳಿಸಬೇಡಿ. ಯಾರಾದ್ರೂ ಬಳಗ ಬಿಟ್ಟ ದಿನವೇ ಅವರ ಖಾತೆ ಮುಚ್ಚಿ.

ಮುಂದೆ ಸಾಧ್ಯವಾದ್ರೆ ಸಹಿ ಹಾಕೋ ಅಧಿಕಾರಿ ನೀವೇ ಆಗಿ. ಕೀಕ್ಲೋಕ್, ಆಥೆಂಟಿಕ್‌ನಂಥ ಮುಕ್ತ ತಂತ್ರಾಂಶಗಳು ನಿಮ್ಮದೇ ಸರ್ವರ್‌ನಲ್ಲಿ ಆ ಕೆಲಸ ಮಾಡುತ್ತವೆ. ಮಾನದಂಡ ಮುಕ್ತವಾಗಿರೋದರಿಂದ ಆಪ್‌ನ ಕಡೆ ಬದಲಾಯಿಸಬೇಕಾದ್ದು ಕೆಲವೇ ಸಾಲು. ಆದ್ರೆ ಇದು ಪುಕ್ಕಟೆ ಸ್ವಾತಂತ್ರ್ಯ ಅಲ್ಲ: ಅಪ್‌ಡೇಟ್, ಬ್ಯಾಕಪ್, ನಡುರಾತ್ರಿ ಕೆಟ್ಟಾಗ ಎದ್ದು ಕೂರೋದು, ಎಲ್ಲವೂ ನಿಮ್ಮ ತಲೆ ಮೇಲೆ.

ಬಳಗದ ಸಭೆಯಲ್ಲಿ ಇದನ್ನೆಲ್ಲ ವಿವರಿಸಿದೆ. ಮೇಷ್ಟ್ರು ಕೇಳಿದ್ದು ಒಂದೇ ಪ್ರಶ್ನೆ: "ನಿನಗೇ ಏನಾದ್ರೂ ಆದ್ರೆ ಇದನ್ನ ನೋಡ್ಕೊಳ್ಳೋರು ಯಾರಪ್ಪಾ?" ಗೂಗಲ್ ಮೇಲಿನ ಅವಲಂಬನೆ ಬಗ್ಗೆ ಅಷ್ಟುದ್ದ ಮಾತಾಡಿದವನಿಗೆ ಅದು ಹೊಳೆದಿರಲಿಲ್ಲ. ಈಗ ಇಬ್ಬರು ಹುಡುಗಿಯರು ನನ್ನ ಜೊತೆ ಕೂತು ಕೀಕ್ಲೋಕ್ ಕಲೀತಿದ್ದಾರೆ. ಅವರಿಬ್ಬರೂ ನನ್ನ ಸಹಾಯವಿಲ್ಲದೆ ಅದನ್ನು ನಡೆಸುವ ತನಕ ಗೂಗಲ್ ಬಟನ್ ತೆಗೆಯಲ್ಲ ಅಂತ ತೀರ್ಮಾನಿಸಿದ್ದೇವೆ.