ಕೋವಿಯ ಮರದ ಹಿಡಿಯಲ್ಲಿ ಬಿರುಕು: ಗುರುತಿಸುವ ಮತ್ತು ತಡೆಯುವ ಕ್ರಮ

ಕೊಡಗು ಜಿಲ್ಲೆಯ ಅನೇಕ ಮನೆಗಳಲ್ಲಿ ಕೋವಿಯು ತಲೆಮಾರುಗಳಿಂದ ಬಂದ ಮನೆತನದ ವಸ್ತುವಾಗಿದೆ. ಆಯುಧ ಕಾಯ್ದೆ 1959ರ 41ನೇ ಕಲಮಿನಡಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೇಂದ್ರ ಸರ್ಕಾರ ನೀಡಿರುವ ವಿನಾಯಿತಿಯು 2029ರ ಅಕ್ಟೋಬರ್ 31ರವರೆಗೆ ಜಾರಿಯಲ್ಲಿರುತ್ತದೆ. ಇತರ ಕೃಷಿಕರು ಬೆಳೆ ರಕ್ಷಣೆಗಾಗಿ ಪರವಾನಗಿ ಪಡೆದು ಕೋವಿ ಇಟ್ಟುಕೊಂಡಿರುತ್ತಾರೆ. ನಳಿಗೆಗೆ ತುಕ್ಕು ಹಿಡಿಯದಂತೆ ಎಲ್ಲರೂ ಎಚ್ಚರ ವಹಿಸುತ್ತಾರೆ. ಮರದ ಹಿಡಿಯ ಕಡೆಗೆ ಅಷ್ಟು ಗಮನ ಹರಿಯುವುದಿಲ್ಲ. ಬಿರುಕು ಬಿಟ್ಟ ಹಿಡಿಯು ಗುಂಡು ಹಾರಿದ ಕ್ಷಣದಲ್ಲಿ ಕೊರಳಿನ ಬಳಿ ಮುರಿದರೆ ಉಕ್ಕಿನ ಭಾಗವು ಹಿಂದಕ್ಕೆ ನುಗ್ಗಿ ಕೈ ಅಥವಾ ಕೆನ್ನೆಗೆ ಪೆಟ್ಟಾಗಬಹುದು. ಜೋಡಿ ನಳಿಗೆಯ ಕೋವಿಯಾಗಿದ್ದಲ್ಲಿ ಎರಡನೆಯ ನಳಿಗೆಯಲ್ಲಿ ತೋಟೆ ಇನ್ನೂ ಉಳಿದಿರುತ್ತದೆ, ಹಿಡಿತ ಮಾತ್ರ ತಪ್ಪಿರುತ್ತದೆ.

ಮರ ಹಳೆಯದಾದುದರಿಂದ ಬಿರುಕು ಬಿಟ್ಟಿತು ಎಂಬ ಮಾತು ಸಾಮಾನ್ಯವಾಗಿ ಕೇಳಿಬರುತ್ತದೆ. ಬಹುತೇಕ ಸಂದರ್ಭಗಳಲ್ಲಿ ಇದು ಸರಿಯಾದ ಕಾರಣವಲ್ಲ. ನೂರು ವರ್ಷ ದಾಟಿದ ಹಿಡಿಗಳು ಗಟ್ಟಿಯಾಗಿ ಉಳಿದಿರುವುದೂ ಉಂಟು. ನಿಜವಾದ ಕಾರಣವನ್ನು ಉಕ್ಕು ಮತ್ತು ಮರ ಪರಸ್ಪರ ಕೂಡುವ ಜಾಗದಲ್ಲಿ ಹುಡುಕಬೇಕು.

ಗುಂಡು ಹಾರಿದಾಗ ಕೋವಿ ಒದೆಯುತ್ತದೆ. ಆ ಒದೆತವು ಉಕ್ಕಿನ ಚೌಕಟ್ಟಿನಿಂದ ಮರದ ಮುಂಭಾಗಕ್ಕೆ, ಅಲ್ಲಿಂದ ಭುಜಕ್ಕೆ ಸಾಗುತ್ತದೆ. ಚೌಕಟ್ಟಿನ ಅಗಲವಾದ ಹಿಂಬದಿಯು ಮರಕ್ಕೆ ಪೂರ್ತಿಯಾಗಿ ಒತ್ತಿ ಕುಳಿತಿದ್ದರೆ ಹೊರೆ ಹಂಚಿಹೋಗುತ್ತದೆ. ಮೊಳೆತಿರುಪು ಸಡಿಲವಾಗಿದ್ದರೆ ಅಥವಾ ಮರ ಕುಗ್ಗಿದ್ದರೆ ನಡುವೆ ಸಂದು ಬೀಳುತ್ತದೆ; ಆಗ ಪ್ರತಿ ಗುಂಡಿಗೂ ಉಕ್ಕು ಮರವನ್ನು ಸುತ್ತಿಗೆಯಂತೆ ಬಡಿಯುತ್ತದೆ. ಚೌಕಟ್ಟಿನಿಂದ ಹಿಂದಕ್ಕೆ ಚಾಚಿದ ಕಿರಿದಾದ ಉಕ್ಕಿನ ನಾಲಿಗೆಯು ಮೊದಲು ಮರವನ್ನು ತಾಗಿದರಂತೂ ಸೌದೆ ಸೀಳಲು ಬಡಿದ ಬೆಣೆಯಂತೆಯೇ ವರ್ತಿಸುತ್ತದೆ. ಈ ಕಾರಣದಿಂದ ಅನುಭವಿ ಕೆಲಸಗಾರರು ನಾಲಿಗೆಯ ತುದಿಯ ಹಿಂದೆ ದಪ್ಪ ಕಾಗದ ನುಸುಳುವಷ್ಟು ತೆರಪನ್ನು ಬೇಕೆಂದೇ ಬಿಡುತ್ತಾರೆ. ಅದನ್ನು ದೋಷವೆಂದು ಭಾವಿಸಿ ಮೇಣ ತುಂಬಿ ಮುಚ್ಚಬಾರದು.

ಎರಡನೆಯ ಕಾರಣ ಎಣ್ಣೆ. ಕೋವಿಗೆ ಧಾರಾಳವಾಗಿ ಎಣ್ಣೆ ಹಚ್ಚಿ ನಳಿಗೆ ಮೇಲಾಗಿ ನಿಲ್ಲಿಸುವುದು ಹೆಚ್ಚಿನ ಮನೆಗಳ ರೂಢಿ. ಎಣ್ಣೆಯು ನಿಧಾನವಾಗಿ ಕೆಳಗಿಳಿದು, ಒದೆತವನ್ನು ತಾಳಬೇಕಾದ ಮರದ ತಲೆಯ ಭಾಗದಲ್ಲೇ ಇಂಗುತ್ತದೆ. ವರ್ಷಗಳ ನಂತರ ಆ ಭಾಗ ಕಪ್ಪಾಗಿ ಮೆದುವಾಗುತ್ತದೆ, ಒತ್ತಡಕ್ಕೆ ಜಜ್ಜಿಹೋಗುತ್ತದೆ, ಮತ್ತೆ ಸಂದು ಬೀಳುತ್ತದೆ. ಎಣ್ಣೆ ಹಚ್ಚಿದ ನಂತರ ಹೆಚ್ಚಿನದನ್ನು ಒರೆಸಿ, ಒಂದು ದಿನ ನಳಿಗೆ ಕೆಳಮುಖವಾಗಿ ಬಟ್ಟೆಯ ಮೇಲೆ ನಿಲ್ಲಿಸಿದರೆ ಇದನ್ನು ತಪ್ಪಿಸಬಹುದು. ಖರ್ಚಿಲ್ಲದ ಈ ಒಂದು ಅಭ್ಯಾಸದಿಂದ ಆಗುವ ಪ್ರಯೋಜನ ಬೇರಾವ ಉಪಾಯಕ್ಕಿಂತ ಹೆಚ್ಚು.

ಮೂರನೆಯದು ಜಿಲ್ಲೆಯ ಹವೆ. ಗಾಳಿಯ ತೇವಾಂಶ ಶೇ. 90ರಷ್ಟಿದ್ದಾಗ ಮರದೊಳಗಿನ ನೀರಿನಂಶ ಸುಮಾರು ಶೇ. 20ಕ್ಕೆ ಏರುತ್ತದೆ, ಗಾಳಿ ಶೇ. 65ಕ್ಕೆ ಇಳಿದರೆ ಅದು ಶೇ. 12ರ ಆಸುಪಾಸಿಗೆ ಬರುತ್ತದೆ. ಈ ಏರಿಳಿತದಲ್ಲಿ ಮರವು ಎಳೆಯ ಉದ್ದಕ್ಕೆ ಬಹುತೇಕ ಬದಲಾಗುವುದಿಲ್ಲ. ಎಳೆಗೆ ಅಡ್ಡಲಾಗಿ ಮಾತ್ರ, 50 ಮಿ.ಮೀ. ಅಗಲದ ಹಿಡಿಯು ಅರ್ಧದಿಂದ ಒಂದು ಮಿ.ಮೀ.ವರೆಗೆ ಹಿಗ್ಗಿ ಕುಗ್ಗಬಹುದು. ಉಕ್ಕು ಹಾಗೆ ಕುಗ್ಗುವುದಿಲ್ಲ. ಮಳೆಗಾಲದಲ್ಲಿ ಬಿಗಿಯಾಗಿದ್ದ ತಿರುಪು ಫೆಬ್ರವರಿಯಲ್ಲಿ ಸಡಿಲವಾಗುವುದು ಇದರಿಂದಲೇ. ಒದ್ದೆಯಾದ ಕೋವಿಯನ್ನು ಒಲೆಯ ಬಳಿ ಅಥವಾ ಬಿಸಿಲಿನಲ್ಲಿ ಒಣಗಿಸಿದರೆ ಹೊರಮೈ ಬೇಗ ಕುಗ್ಗುತ್ತದೆ, ಒಳಭಾಗ ಹಿಗ್ಗಿಯೇ ಇರುತ್ತದೆ; ಫಲವಾಗಿ ಮೈ ಸೀಳುತ್ತದೆ. ನೆರಳಿನಲ್ಲಿ, ಗಾಳಿಯಾಡುವ ಕೋಣೆಯಲ್ಲಿ ಒಣಗಲು ಬಿಡಬೇಕು. ಭುಜಕ್ಕೆ ಆನುವ ತಟ್ಟೆಯ ಅಡಿಯಲ್ಲಿ ಎಳೆಗಳ ತುದಿಗಳು ತೆರೆದಿರುತ್ತವೆ, ಅಲ್ಲಿಗೆ ವಾರ್ನಿಷ್ ತಲುಪಿರುವುದು ವಿರಳ. ನೀರು ಹೆಚ್ಚಾಗಿ ಹೊಕ್ಕುವ ದಾರಿಯೂ ಅದೇ.

ಪರೀಕ್ಷೆಗೆ ಮುನ್ನ ಕೋವಿಯಲ್ಲಿ ತೋಟೆ ಇಲ್ಲವೆಂಬುದನ್ನು ನಳಿಗೆ ತೆರೆದು ಕಣ್ಣಾರೆ ನೋಡಿ ಖಚಿತಪಡಿಸಿಕೊಳ್ಳಬೇಕು. ಇತರರ ಮಾತನ್ನು ಇದಕ್ಕೆ ಆಧಾರವಾಗಿಸಬಾರದು. ನಂತರ ಹಿಡಿಯನ್ನು ಒರೆಸಿ, ಟಾರ್ಚಿನ ಬೆಳಕನ್ನು ಓರೆಯಾಗಿ ಬಿಟ್ಟು ನೋಡಬೇಕು. ಅನುಮಾನದ ಗೆರೆ ಕಂಡಲ್ಲಿ ಸ್ಪಿರಿಟ್ ತೊಯ್ಸಿದ ಬಟ್ಟೆಯಿಂದ ಒಮ್ಮೆ ಸವರಬೇಕು. ಮೇಲ್ಮೈಯ ಸ್ಪಿರಿಟ್ ಕ್ಷಣದಲ್ಲಿ ಆರುತ್ತದೆ, ಬಿರುಕಿನೊಳಗಿನದು ಕಪ್ಪು ಗೆರೆಯಾಗಿ ಸ್ವಲ್ಪ ಹೊತ್ತು ಉಳಿಯುತ್ತದೆ. ಗೆರೆ ಉಳಿಯದಿದ್ದರೆ ಅದು ಬಹುಶಃ ಬರಿಯ ಗೀರು. ಹಳೆಯ ಅರಗಿನ ಪಾಲಿಶ್ ಇರುವ ಹಿಡಿಯನ್ನು ಹೆಚ್ಚು ಉಜ್ಜಬಾರದು. ಸ್ಪಿರಿಟ್‌ಗೆ ಅರಗು ಕರಗುತ್ತದೆ. ಹಿಡಿಯನ್ನು ಮೆಲ್ಲನೆ ಬಗ್ಗಿಸಿದಾಗ ಗೆರೆ ಬಾಯಿ ತೆರೆದರೆ ಅಥವಾ ಅದರಿಂದ ಎಣ್ಣೆ ಜಿನುಗಿದರೆ ಬಿರುಕು ಆಳವಾಗಿದೆ ಎಂದರ್ಥ.

ಬಿರುಕು ಇರುವ ಜಾಗವೇ ಕಾರಣವನ್ನು ಸೂಚಿಸುತ್ತದೆ. ಉಕ್ಕಿನ ನಾಲಿಗೆಯ ಹಿಂದೆ ನೇರವಾಗಿ ಓಡಿದ ಗೆರೆ ಒದೆತದ್ದು. ತಿರುಪಿನ ತೂತಿನಿಂದ ಹೊರಟದ್ದು ಅತಿಯಾದ ಬಿಗಿತದ್ದು. ಬುಡದ ತುದಿಯಲ್ಲಿ ಸಿಡಿದದ್ದು ನೆಲಕ್ಕೆ ಕುಕ್ಕಿದ್ದರಿಂದ ಆಗಿರುತ್ತದೆ, ಅಪಾಯ ಕಡಿಮೆ. ಕೈ ಹಿಡಿಯುವ ಕಿರಿದಾದ ಕೊರಳಿನಲ್ಲಿ ಎಳೆಯನ್ನು ಅಡ್ಡ ಅಥವಾ ಓರೆಯಾಗಿ ದಾಟಿದ ಬಿರುಕು ಎಲ್ಲಕ್ಕಿಂತ ಅಪಾಯಕಾರಿ. ಅಂತಹ ಕೋವಿಯನ್ನು ಹಾರಿಸುವುದನ್ನು ಅಂದೇ ನಿಲ್ಲಿಸಬೇಕು.

ಬಿಚ್ಚುವ ಕ್ರಮ ತಪ್ಪಿದರೂ ಮರ ಸೀಳುತ್ತದೆ. ಹಳೆಯ .303 ಎನ್‌ಫೀಲ್ಡ್ ರೈಫಲ್ ಇದಕ್ಕೆ ಪ್ರಸಿದ್ಧ ಉದಾಹರಣೆ. ಅದರ ಹಿಂಬದಿಯ ಹಿಡಿಯನ್ನು ಬಂಧಿಸುವ ಉದ್ದನೆಯ ಬೋಲ್ಟಿನ ಚೌಕಾಕಾರದ ತುದಿಯು ಮುಂಭಾಗದ ಮರದೊಳಗೆ ಸಿಕ್ಕಿಕೊಂಡಿರುತ್ತದೆ. ಮುಂಭಾಗದ ಮರವನ್ನು ಮೊದಲು ತೆಗೆಯದೆ ಬೋಲ್ಟ್ ತಿರುಗಿಸಿದರೆ ಆ ಮರ ಸೀಳಿಹೋಗುತ್ತದೆ. ಪಶ್ಚಿಮ ಬಂಗಾಳದ ಇಛಾಪುರದ ಕಾರ್ಖಾನೆಯು ಈ ರೈಫಲ್‌ಗಳ ಮುಂಭಾಗದ ಮರಕ್ಕೆ ಅಡ್ಡಲಾಗಿ ಒಂದು ತಿರುಪನ್ನೇ ಸೇರಿಸಿ ಸೀಳುವಿಕೆಯನ್ನು ತಡೆಯಲು ಯತ್ನಿಸಿತ್ತು.

ಆಯುಧ ಕಾಯ್ದೆಯ 5ನೇ ಕಲಮಿನಂತೆ ಬಂದೂಕು ದುರಸ್ತಿಗೆ ಪ್ರತ್ಯೇಕ ಪರವಾನಗಿ ಬೇಕು. ಕೋವಿ ಹೊಂದಲು ಇರುವ ವಿನಾಯಿತಿಯು ದುರಸ್ತಿಗೆ ಅನ್ವಯಿಸುವುದಿಲ್ಲ. ಊರಿನ ಆಚಾರಿಗೆ ಕೋವಿ ಒಪ್ಪಿಸುವುದರಿಂದ ಉಪಕಾರ ಮಾಡಲು ಬಂದ ಆತನೇ ತೊಂದರೆಗೆ ಸಿಲುಕಬಹುದು. ಮೊಳೆ ಹೊಡೆಯುವುದು, ತಂತಿ ಸುತ್ತುವುದು ಬಿರುಕನ್ನು ಮರೆಮಾಚುತ್ತವೆಯೇ ಹೊರತು ಬಲ ಕೊಡುವುದಿಲ್ಲ. ಎಣ್ಣೆ ಕುಡಿದ ಮರಕ್ಕೆ ಅಂಟು ಹಿಡಿಯುವುದೂ ಇಲ್ಲ. ಪರವಾನಗಿ ಹೊಂದಿದ ದುರಸ್ತಿಗಾರರು ಮೊದಲು ಎಣ್ಣೆ ತೆಗೆದು ನಂತರ ಎಪಾಕ್ಸಿ ತುಂಬುತ್ತಾರೆ. ಮನೆಯಲ್ಲಿ ಮಾಡಬಹುದಾದದ್ದು ಹೊರಮೈಗೆ ಕಾಯಿಸಿದ ಅಗಸೆ ಎಣ್ಣೆಯನ್ನು ತೆಳುವಾಗಿ ಸವರುವುದು. ಹಾಗೆ ಸವರಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ತಾನಾಗಿಯೇ ಹೊತ್ತಿಕೊಳ್ಳಬಹುದು; ಅದನ್ನು ಬಿಡಿಸಿ ಹೊರಗೆ ಹರವಿ ಒಣಗಿಸಬೇಕು.

ಸೆಪ್ಟೆಂಬರ್ ಆರಂಭದ ಕೈಲ್ ಮುಹೂರ್ತಕ್ಕೆ ಕೋವಿಗಳು ಪೂಜೆಗೆ ಹೊರಬರುತ್ತವೆ, ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗಳೂ ನಡೆಯುತ್ತವೆ. ಮರವು ಹೆಚ್ಚು ನೀರು ಕುಡಿದಿರುವ ಸಮಯವೂ ಅದೇ. ತೋಕ್ ಪೂ ಸಿಕ್ಕಿಸುವ ಮೊದಲು ಹಿಡಿಯನ್ನು ಪರೀಕ್ಷಿಸುವಂತೆ ಸದಸ್ಯರು ತಮ್ಮ ವಾರ್ಡಿನ ಮನೆಗಳಿಗೆ ತಿಳಿಸುವುದು ಸೂಕ್ತ. ಬೇಸಿಗೆಯ ಆರಂಭದಲ್ಲಿ ತಿರುಪುಗಳ ಬಿಗಿತಕ್ಕಾಗಿ ಇನ್ನೊಮ್ಮೆ ನೋಡಬೇಕು. ಚುನಾವಣೆಯ ವೇಳೆ ಕೋವಿಯನ್ನು ಠಾಣೆಯಲ್ಲಿ ಠೇವಣಿ ಇಡಬೇಕಾಗಿ ಬಂದವರು ಹಿಡಿಯ ಎರಡೂ ಬದಿಯ ಛಾಯಾಚಿತ್ರ ತೆಗೆದಿಟ್ಟುಕೊಂಡು, ಇರುವ ಬಿರುಕನ್ನು ಸ್ವೀಕೃತಿ ಪತ್ರದಲ್ಲಿ ನಮೂದಿಸುವಂತೆ ಕೋರುವುದು ಒಳಿತು. ಹಿಂಪಡೆಯುವಾಗ ಆ ಚಿತ್ರದೊಂದಿಗೆ ಹೋಲಿಸಿ ನೋಡಿದ ನಂತರವೇ ಸಹಿ ಹಾಕಬೇಕು.