ದಂಡದ ಚೀಟಿಯೂ ಪ್ರಜೆಯ ಹಕ್ಕೂ

೨೦೨೫ನೆಯ ಇಸವಿ ಮೇ ೨೬ರಂದು ಮಂಡ್ಯ ಪಟ್ಟಣದಲ್ಲಿ ನಡೆದುದನ್ನು ನಮ್ಮ ವಾಚಕರು ಮರೆತಿರಲಾರರು. ಮದ್ದೂರು ತಾಲ್ಲೂಕಿನ ದಂಪತಿಗಳು ನಾಯಿ ಕಚ್ಚಿದ್ದ ತಮ್ಮ ಮೂರು ವರ್ಷದ ಹೆಣ್ಣುಮಗುವನ್ನೆತ್ತಿಕೊಂಡು, ಮದ್ದೂರಿನ ಆಸ್ಪತ್ರೆಯವರು ಹೇಳಿದ ಮೇರೆಗೆ, ಮಂಡ್ಯದ ದೊಡ್ಡಾಸ್ಪತ್ರೆಗೆ ಬೈಕಿನಲ್ಲಿ ಧಾವಿಸುತ್ತಿದ್ದರು. ಹೆಲ್ಮೆಟ್ಟಿನ ತಪಾಸಣೆಗೆ ನಿಂತಿದ್ದ ಸಂಚಾರ ಪೋಲೀಸಿನವರು ತಡೆದರು. ಬೈಕು ಆಯ ತಪ್ಪಿತು. ಮಗು ರಸ್ತೆಗೆ ಬಿದ್ದಿತು. ಹಿಂದಿನಿಂದ ಬಂದ ವಾಹನವು ಅದರ ಮೇಲೆ ಹರಿಯಿತು. ಪುರಜನರು ರೊಚ್ಚಿಗೆದ್ದು ರಸ್ತೆಗಿಳಿದರು. ಮೂವರು ಸಹಾಯಕ ಸಬ್ ಇನ್ಸ್‌ಪೆಕ್ಟರುಗಳು ಅಮಾನತಾದರು. ಹೆಲ್ಮೆಟ್ಟಿಲ್ಲದ ತಪ್ಪಿಗೆ ನಮ್ಮ ರಾಜ್ಯದಲ್ಲಿ ಗೊತ್ತುಮಾಡಿರುವ ದಂಡವು ಐನೂರು ರೂಪಾಯಿ.

ಆ ದುರಂತವಾದ ಬಳಿಕ ಎರಡು ಬಗೆಯ ಮಾತುಗಳು ನಮ್ಮ ಕಿವಿಗೆ ಬಿದ್ದಿವೆ. ಪೋಲೀಸಿನವನು ಕೈಯೆತ್ತಿದರೆ ನಿಲ್ಲಲೇ ಕೂಡದೆಂಬುದು ಒಂದು. ಜನರು ನಿಯಮವನ್ನು ಪಾಲಿಸಿದ್ದರೆ ಇದೊಂದೂ ಆಗುತ್ತಿರಲಿಲ್ಲವೆಂಬುದು ಇನ್ನೊಂದು. ಮೊದಲನೆಯದು ಅವಿವೇಕ, ಎರಡನೆಯದು ನಿರ್ದಯೆ. ರಸ್ತೆಯ ಬದಿಯಲ್ಲಿ ನಿಂತ ಆ ಐದು ನಿಮಿಷಗಳಲ್ಲಿ ಅಧಿಕಾರಿಗೆ ಎಷ್ಟು ಅಧಿಕಾರವುಂಟು, ಪ್ರಜೆಗೆ ಎಷ್ಟು ಹಕ್ಕುಂಟು ಎಂಬುದನ್ನು ಉಭಯರೂ ಅರಿಯದಿರುವುದೇ ಈ ಕಲಹಗಳ ಬೇರೆಂದು ನಾವು ಭಾವಿಸುತ್ತೇವೆ.

ನಿಲ್ಲುವುದನ್ನೇ ಮೊದಲು ಹೇಳೋಣ. ಸಮವಸ್ತ್ರದಲ್ಲಿರುವ ಪೋಲೀಸು ಅಧಿಕಾರಿಯು ಕೇಳಿದಾಗ ಲೈಸೆನ್ಸನ್ನು ತೋರಿಸತಕ್ಕದ್ದೆಂದು ೧೯೮೮ರ ಮೋಟಾರು ವಾಹನ ಕಾಯಿದೆಯ ೧೩೦ನೆಯ ಪ್ರಕರಣವು ವಿಧಿಸಿದೆ. ಸಂಜಯ ವೃತ್ತದಲ್ಲಿ ಖಾಕಿಯನ್ನು ದೂರದಿಂದಲೇ ಕಂಡು, ಹೆಂಡತಿ ಮಕ್ಕಳು ಹಿಂದೆ ಕುಳಿತಿರುವರೆಂಬುದನ್ನೂ ಮರೆತು, ಗಕ್ಕನೆ ಗಾಡಿ ತಿರುಗಿಸಿ ಎದುರು ದಿಕ್ಕಿನಲ್ಲಿ ನುಗ್ಗುವ ಮಹಾಶಯರು ಐನೂರು ರೂಪಾಯಿ ಉಳಿಸಹೋಗಿ ಏನನ್ನು ಪಣವಾಗಿಡುತ್ತಿದ್ದಾರೆಂಬುದನ್ನು ಯೋಚಿಸಬೇಕು. ಸೂಚನೆ ಕಂಡೊಡನೆ ವೇಗ ತಗ್ಗಿಸಿ, ಹಿಂದೆ ಬರುವವರನ್ನು ನೋಡಿಕೊಂಡು, ಎಡಕ್ಕೆ ಸರಿದು ನಿಲ್ಲಿಸತಕ್ಕದ್ದು.

ಪೋಲೀಸಿನವರಿಗೂ ಕಟ್ಟುಪಾಡುಗಳಿಲ್ಲದೆ ಇಲ್ಲ. ಮಂಡ್ಯದ ಮಗುವಿನ ಮರಣವಾದ ಬೆನ್ನಲ್ಲೇ ರಾಜ್ಯದ ಪೋಲೀಸು ಮುಖ್ಯಸ್ಥರಾದ ಶ್ರೀ ಎಂ. ಎ. ಸಲೀಂ ಅವರು ಸೂಚನೆಗಳನ್ನು ಹೊರಡಿಸಿದರು. ಕಣ್ಣಿಗೆ ಕಾಣುವ ತಪ್ಪಿಲ್ಲದೆ ಬರಿಯ ಕಾಗದಪತ್ರ ನೋಡುವುದಕ್ಕಾಗಿ ವಾಹನಗಳನ್ನು ತಡೆಯಕೂಡದು; ಹಠಾತ್ತನೆ ಅಡ್ಡ ಬರಕೂಡದು; ಬೀಗದ ಕೈಯನ್ನು ಕಿತ್ತುಕೊಳ್ಳಕೂಡದು; ಓಡಿಹೋಗುವವನನ್ನು ಬೆನ್ನಟ್ಟದೆ ನಂಬರನ್ನು ಗುರುತು ಹಾಕಿಕೊಂಡು ಮುಂದಿನವರಿಗೆ ತಿಳಿಸತಕ್ಕದ್ದು ಎಂಬುದು ಅವುಗಳ ಸಾರ. ಉತ್ತಮವಾದ ಸೂಚನೆಗಳು. ಅವು ಹುಟ್ಟುವುದಕ್ಕೆ ಒಂದು ಕೂಸು ಸಾಯಬೇಕಾಯಿತೆಂಬುದನ್ನು ಮಾತ್ರ ನಾವು ಬರೆಯದೆ ಇರಲಾರೆವು.

ನಿಂತಾಯಿತು, ಮುಂದೇನು? ಲೈಸೆನ್ಸು, ನೋಂದಣಿ ಪತ್ರ, ವಿಮೆಯ ಪತ್ರಗಳ ಮೂಲಪ್ರತಿಗಳನ್ನು ಜೇಬಿನಲ್ಲಿ ಹೊತ್ತು ತಿರುಗುವ ಕಾಲ ಹೋಯಿತು. ಸರ್ಕಾರದ ಡಿಜಿಲಾಕರ್ ಅಥವಾ ಎಂ-ಪರಿವಾಹನ್ ಮುಖಾಂತರ ಮೊಬೈಲಿನಲ್ಲಿ ತೋರಿಸಿದ ಪತ್ರಕ್ಕೆ ಕಾಗದದ ಪತ್ರದಷ್ಟೇ ಬೆಲೆಯುಂಟು. ಆದರೆ ಮೊಬೈಲಿನಲ್ಲಿ ತೆಗೆದಿಟ್ಟುಕೊಂಡ ಬರಿಯ ಫೋಟೋಗೆ ಆ ಬೆಲೆಯಿಲ್ಲ. ಅನೇಕರು ಎಡವುವುದು ಇಲ್ಲಿಯೇ. ಬಳಿಕ, ತನ್ನ ತಪ್ಪೇನು, ಅದು ಯಾವ ಪ್ರಕರಣದ ಕೆಳಗೆ ಬರುತ್ತದೆ ಎಂದು ಕೇಳತಕ್ಕದ್ದು. ಹೀಗೆ ಕೇಳುವುದು ಉದ್ಧಟತನವಲ್ಲ. ಧ್ವನಿಯೇರಿಸಿ, 'ನಾನು ಯಾರು ಗೊತ್ತೆ?' ಎಂದು ಶಾಸಕರಿಗೋ ಪುಢಾರಿಗಳಿಗೋ ಫೋನು ಹಚ್ಚುವುದು ಉದ್ಧಟತನ. ಈ ರೋಗವು ಹಳ್ಳಿಗನಿಗಿಂತ ನಮ್ಮ ವಾಚಕರಾದ ವಿದ್ಯಾವಂತರಲ್ಲಿಯೇ ಹೆಚ್ಚೆಂದು ವಿಷಾದದಿಂದ ಹೇಳಬೇಕಾಗಿದೆ.

ತಪ್ಪು ನಿಜವಾಗಿದ್ದರೆ ದಂಡ ತೆತ್ತು, ಯಂತ್ರದಿಂದ ಹೊರಡುವ ರಸೀದಿಯನ್ನು ಪಡೆಯತಕ್ಕದ್ದು. ಕಾಯಿದೆಯ ೨೦೦ನೆಯ ಪ್ರಕರಣವು ಇದನ್ನು ರಾಜಿಯೆಂದು ಕರೆಯುತ್ತದೆ. ರಾಜಿಯೆಂದ ಮೇಲೆ ಎರಡು ಪಕ್ಷಗಳ ಒಪ್ಪಿಗೆ ಇರಲೇಬೇಕಲ್ಲವೆ? ತಾನು ನಿರಪರಾಧಿಯೆಂದು ನಂಬಿದವನು ಸ್ಥಳದಲ್ಲಿಯೇ ಹಣ ಕಟ್ಟಬೇಕಾದ್ದಿಲ್ಲ. ತಾನು ನ್ಯಾಯಾಲಯದಲ್ಲಿ ಉತ್ತರ ಕೊಡುವುದಾಗಿ ಹೇಳಬಹುದು. ಹಣ ಕಟ್ಟಿ ಮನೆಗೆ ಹೋಗಿ ಆಮೇಲೆ ಅನ್ಯಾಯವಾಯಿತೆಂದು ಗೋಳಿಟ್ಟರೆ ಪ್ರಯೋಜನವಿಲ್ಲ, ರಾಜಿಯೊಡನೆ ಮೊಕದ್ದಮೆಯೇ ಮುಗಿದಿರುತ್ತದೆ. ಅಧಿಕಾರಿಯು ಲೈಸೆನ್ಸನ್ನು ವಶಪಡಿಸಿಕೊಂಡರೆ ಅದಕ್ಕೆ ತಾತ್ಕಾಲಿಕ ಸ್ವೀಕೃತಿ ಪತ್ರವನ್ನು ಕೊಡತಕ್ಕದ್ದೆಂದು ೨೦೬ನೆಯ ಪ್ರಕರಣದಲ್ಲಿದೆ; ಅದನ್ನು ಕೇಳಿ ಪಡೆಯದೆ ಸ್ಥಳ ಬಿಟ್ಟು ಕದಲಬಾರದು. ಕುಡಿದು ಓಡಿಸಿದವನ ಮಾತು ಬೇರೆ. ಅವನಿಗೆ ರಸ್ತೆಯ ಬದಿಯ ರಾಜಿಯಿಲ್ಲ; ಮೊದಲ ಸಲವೇ ಆರು ತಿಂಗಳವರೆಗೆ ಸೆರೆ, ಹತ್ತು ಸಾವಿರ ರೂಪಾಯಿ ದಂಡ, ಅಥವಾ ಎರಡನ್ನೂ ನ್ಯಾಯಾಲಯವು ವಿಧಿಸಬಹುದು. ಅವನ ಪರವಾಗಿ ನಾವು ಒಂದಕ್ಷರವನ್ನೂ ಬರೆಯುವವರಲ್ಲ.

ಇನ್ನು ರಸೀದಿಯಿಲ್ಲದ ಲೇವಾದೇವಿ. ಕೆಲವು ವರ್ಷಗಳ ಕೆಳಗೆ ಪರಸ್ಥಳದಲ್ಲಿ, ಊರಿನ ಹೆಸರು ಬೇಡ, ಸೀಟುಪಟ್ಟಿ ಹಾಕದೆ ಕಾರಿನಲ್ಲಿ ಕುಳಿತಿದ್ದ ನಮ್ಮನ್ನೂ ನಿಲ್ಲಿಸಿದರು. 'ಚೀಟಿಯಾದರೆ ಐನೂರು, ಹಾಗೆಯೇ ಆದರೆ ಇನ್ನೂರು ಕೊಟ್ಟು ಹೋಗಿ ಸ್ವಾಮಿ' ಎಂದನಾತ. ಮದುವೆಯ ಮುಹೂರ್ತ ಮೀರುತ್ತಿತ್ತು. ನಮ್ಮ ಕೈ ಜೇಬಿಗೆ ಹೋಗಿತ್ತೆಂಬುದನ್ನು ಮುಚ್ಚಿಡುವುದೇಕೆ? ಲಂಚದ ವಿರುದ್ಧ ಎಷ್ಟೋ ಅಗ್ರಲೇಖನಗಳನ್ನು ಬರೆದ ಕೈ ಅದು. ಮುಂದಿನ ಸೀಟಿನಲ್ಲಿದ್ದ ನಮ್ಮ ಚಾಲಕನು ತಿರುಗಿ ನಮ್ಮ ಮುಖವನ್ನೊಮ್ಮೆ ನೋಡಿದನು. ಚೀಟಿಯನ್ನೇ ಬರೆಯಿರೆಂದೆವು. ಚಾಲಕನು ನೋಡದಿದ್ದರೆ ಏನು ಮಾಡುತ್ತಿದ್ದೆವೋ ಹೇಳಲಾರೆವು.

ರಸ್ತೆಯಲ್ಲಿ ಯಾರೂ ತಡೆಯದಿದ್ದರೂ ದಂಡವು ಮನೆಗೆ ಬರುವ ಕಾಲವಿದು. ೨೦೨೩ರ ಮಾರ್ಚಿಯಲ್ಲಿ ನಮ್ಮ ಜಿಲ್ಲೆಯ ಗೆಜ್ಜಲಗೆರೆಯಲ್ಲಿ ಉದ್ಘಾಟನೆಯಾದ ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ ಸಾವುಗಳು ಮೇಲಿಂದ ಮೇಲೆ ಸಂಭವಿಸಿದುವು. ಆ ವರ್ಷದ ಆಗಸ್ಟ್ ೧ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳಿಗೆ ಮುಖ್ಯ ಪಥದಲ್ಲಿ ಪ್ರವೇಶ ನಿಷಿದ್ಧವಾಯಿತು. ಬಳಿಕ ಕ್ಯಾಮೆರಾಗಳು ಬಂದುವು. ಕಬ್ಬು ತುಂಬಿದ ಟ್ರ್ಯಾಕ್ಟರಿನ ರೈತನು ತನ್ನ ಹೊಲವನ್ನೇ ಸೀಳಿಕೊಂಡು ಹೋದ ರಸ್ತೆಗೆ ತಾನು ಹತ್ತಕೂಡದೆಂಬುದನ್ನು ಕಂಡು ನೊಂದರೆ ಆಶ್ಚರ್ಯವಿಲ್ಲ. ಆದರೂ ಗಂಟೆಗೆ ನೂರು ಕಿಲೋಮೀಟರಿನಲ್ಲಿ ಬರುವ ಕಾರುಗಳ ನಡುವೆ ಅವನ ಪ್ರಾಣಕ್ಕೆ ಭದ್ರತೆಯಿಲ್ಲವೆಂಬುದೂ ಸತ್ಯ.

ಕ್ಯಾಮೆರಾದ ನೋಟೀಸು ಬಂದಾಗ ಗಾಬರಿಯೂ ಬೇಡ, ಉದಾಸೀನವೂ ಬೇಡ. ಕೇಂದ್ರ ನಿಯಮಗಳ ೧೬೭-ಎ ಅನ್ವಯ ತಪ್ಪು ನಡೆದ ಹದಿನೈದು ದಿನಗಳೊಳಗಾಗಿ ನೋಟೀಸು ಕಳುಹಿಸತಕ್ಕದ್ದು. ಕ್ಯಾಮೆರಾ ಇರುವ ಕಡೆ ಎಚ್ಚರಿಕೆಯ ಫಲಕವೂ ಇರತಕ್ಕದ್ದು. ಚಿತ್ರದಲ್ಲಿರುವ ಗಾಡಿ ತನ್ನದೇ ಹೌದೇ, ನಂಬರು ಸರಿಯಾಗಿದೆಯೇ, ಅಂದು ತಾನು ಆ ಸ್ಥಳದಲ್ಲಿದ್ದುದು ಉಂಟೇ ಎಂದು ನೋಡಿ, ಇಲ್ಲವಾದರೆ ಸಂಚಾರ ಠಾಣೆಗೆ ಬರಹದ ಮೂಲಕ ಆಕ್ಷೇಪಣೆ ಸಲ್ಲಿಸತಕ್ಕದ್ದು. ಹಳೆಯ ಸ್ಕೂಟರನ್ನು ಮಾರಿ, ನೋಂದಣಿಯಲ್ಲಿ ಹೆಸರು ಬದಲಾಯಿಸದೆ ಬಿಟ್ಟವರಿಗೆ ಕೊಂಡವನ ತಪ್ಪುಗಳೆಲ್ಲ ಬಂದು ಸೇರುವುದು ಸಹಜ. ಅದಕ್ಕೆ ಪೋಲೀಸಿನವರನ್ನು ಬಯ್ದು ಫಲವಿಲ್ಲ. ವಾಟ್ಸಾಪಿನಲ್ಲಿ 'ನಿಮ್ಮ ದಂಡ ಬಾಕಿಯಿದೆ' ಎಂದು ಬರುವ ಕಡತವನ್ನು ಒತ್ತಿ ಬ್ಯಾಂಕಿನ ಹಣವನ್ನು ಕಳೆದುಕೊಂಡವರೂ ಇದ್ದಾರೆ. ಹಣ ಕಟ್ಟಬೇಕಾದರೆ ಸರ್ಕಾರದ ಪರಿವಾಹನ್ ಜಾಲತಾಣ, ಕರ್ನಾಟಕ ಒನ್ ಕೇಂದ್ರ, ಅಥವಾ ಠಾಣೆಯೇ ಲೇಸು.

ಬಾಕಿಯನ್ನು ಕಟ್ಟದೆ ರಿಯಾಯಿತಿಗೆ ಕಾದು ಕುಳಿತವರ ಸಂಖ್ಯೆ ಸಣ್ಣದಲ್ಲ. ೨೦೨೩ರ ಫೆಬ್ರವರಿಯಲ್ಲೊಮ್ಮೆ, ೨೦೨೫ರ ಆಗಸ್ಟ್ ೨೩ರಿಂದ ಸೆಪ್ಟೆಂಬರ್ ೧೨ರವರೆಗೆ ಮತ್ತೊಮ್ಮೆ, ಸರ್ಕಾರದವರು ದಂಡದಲ್ಲಿ ಅರ್ಧವನ್ನು ಬಿಟ್ಟುಕೊಟ್ಟರು. ಜನರು ಸಾಲುಗಟ್ಟಿ ಕಟ್ಟಿದರು. ಖಜಾನೆಗೆ ಇದು ಲಾಭವೇ ಇರಬಹುದು. ಆದರೆ ಮರುದಿನವೇ ಪೂರ್ತಿ ದಂಡ ಕಟ್ಟಿದ ಸಜ್ಜನನು ಪೆದ್ದನಾದನಷ್ಟೆ? ಈ ಪದ್ಧತಿಯನ್ನು ನಾವು ಒಪ್ಪಲಾರೆವು.

ದಂಡ ಕಟ್ಟದಿರುವುದನ್ನೇ ಒಂದು ಸತ್ಯಾಗ್ರಹವೆಂಬಂತೆ ಆಡುವವರೂ ನಮಗೆ ಸಿಕ್ಕಿದ್ದಾರೆ. ೧೯೩೮ರ ಏಪ್ರಿಲಿನಲ್ಲಿ ಮದ್ದೂರಿನ ಪಕ್ಕದ ಶಿವಪುರದಲ್ಲಿ ನಿಷೇಧಾಜ್ಞೆಯನ್ನು ಮುರಿದು ಧ್ವಜವೇರಿಸಿದವರು ಹಾಡಹಗಲಿನಲ್ಲಿ, ತಮ್ಮ ಹೆಸರು ಹೇಳಿ, ಸೆರೆಗೆ ಸಿದ್ಧರಾಗಿ ನಿಂತಿದ್ದರು. ನಂಬರು ಫಲಕಕ್ಕೆ ಮಣ್ಣು ಮೆತ್ತಿಕೊಂಡು ಓಡುವವನು ಆ ಮಾತನ್ನು ಬಾಯಲ್ಲಿ ತರದಿರುವುದು ಮೇಲು.

ಕೊನೆಗೆ ಜಿಲ್ಲೆಯ ಪೋಲೀಸು ಅಧಿಕಾರಿಗಳಲ್ಲಿ ನಮ್ಮದೊಂದು ವಿಜ್ಞಾಪನೆ. ಮದ್ದೂರು, ಮಳವಳ್ಳಿಗಳಿಂದ ಮಂಡ್ಯದ ದೊಡ್ಡಾಸ್ಪತ್ರೆಗೆ ಕಳುಹಿಸಲ್ಪಡುವ ಬಡವರೆಲ್ಲರಿಗೂ ಆಂಬುಲೆನ್ಸು ದೊರೆಯುವುದಿಲ್ಲ. ಬೈಕೇ ಅವರ ಆಂಬುಲೆನ್ಸು. ಅಂಥವರು ವೈದ್ಯರ ಚೀಟಿಯನ್ನು ತೋರಿಸಿದರೆ, ಅಥವಾ ಮಡಿಲಲ್ಲಿ ನರಳುವ ಮಗು ಕಣ್ಣಿಗೆ ಕಂಡರೆ, ನಂಬರನ್ನಷ್ಟೇ ಬರೆದುಕೊಂಡು ಒಡನೆ ಮುಂದೆ ಬಿಡಬೇಕೆಂದು ಪ್ರತಿಯೊಂದು ತಪಾಸಣೆಯ ಸ್ಥಳಕ್ಕೂ ಲಿಖಿತ ಅಪ್ಪಣೆ ಹೋಗಲಿ. ಐನೂರು ರೂಪಾಯಿಯ ನೋಟೀಸನ್ನು ಆಮೇಲೆ ಮನೆಗೆ ಕಳುಹಿಸಬಹುದು.