ಗಹೀರಮಥಾದ ಕಡಲಾಮೆಗಳು: ಸಂರಕ್ಷಣೆ ಹಾಗೂ ಸಂಶೋಧನೆ

ಒಡಿಶಾ ರಾಜ್ಯದ ಕೇಂದ್ರಾಪಡಾ ಜಿಲ್ಲೆಯಲ್ಲಿ, ಬ್ರಾಹ್ಮಣಿ ಮತ್ತು ವೈತರಣಿ ನದಿಗಳು ಬಂಗಾಳ ಕೊಲ್ಲಿಯನ್ನು ಸೇರುವ ಪ್ರದೇಶದಲ್ಲಿ ಗಹೀರಮಥಾ ಎಂಬ ಮರಳುದಂಡೆಯಿದೆ. ಚಳಿಗಾಲ ಕಳೆಯುತ್ತಿದ್ದಂತೆ ಆಲಿವ್ ರಿಡ್ಲಿ ಎಂಬ ಜಾತಿಯ ಹೆಣ್ಣು ಕಡಲಾಮೆಗಳು ಮೊಟ್ಟೆಯಿಡಲು ಸಹಸ್ರ ಸಹಸ್ರ ಸಂಖ್ಯೆಯಲ್ಲಿ ಈ ದಂಡೆಯನ್ನು ಏರುತ್ತವೆ. ಈ ಸಾಮೂಹಿಕ ಆಗಮನಕ್ಕೆ ‘ಅರಿಬಾಡಾ’ ಎಂದು ಹೆಸರು. ಸ್ಪ್ಯಾನಿಷ್ ಭಾಷೆಯ ಈ ಪದಕ್ಕೆ ‘ಆಗಮನ’ ಎಂದೇ ಅರ್ಥ. ಇಂತಹ ದೃಶ್ಯವು ಮೆಕ್ಸಿಕೊ, ಕೋಸ್ಟರಿಕಾ ಮೊದಲಾದ ಕೆಲವೇ ದೇಶಗಳಲ್ಲಿ ಕಾಣಸಿಗುತ್ತದೆ. 2025ರ ಮಾರ್ಚ್ ತಿಂಗಳಲ್ಲಿ ಗಹೀರಮಥಾದಲ್ಲಿ ಆರು ಲಕ್ಷದಷ್ಟು ಆಮೆಗಳು ಮೊಟ್ಟೆಯಿಟ್ಟವೆಂದು ಅಂದಾಜು ಮಾಡಲಾಯಿತು. ಆದರೆ ಕೆಲವು ವರ್ಷಗಳಲ್ಲಿ ಸಾಮೂಹಿಕ ಆಗಮನವೇ ನಡೆಯದಿರುವುದೂ ಉಂಟು.

ಮೊಟ್ಟೆಯಿಂದ ಕಡಲಿಗೆ

ಆಲಿವ್ ರಿಡ್ಲಿಯು ಕಡಲಾಮೆಗಳಲ್ಲಿ ಚಿಕ್ಕ ಗಾತ್ರದ್ದು. ಬೆಳೆದ ಆಮೆಯ ಚಿಪ್ಪು ಎರಡು ಅಡಿಗಿಂತ ತುಸು ಹೆಚ್ಚು ಉದ್ದವಿರುತ್ತದೆ. ಹೆಣ್ಣಾಮೆಯು ಹಿಂಗಾಲುಗಳಿಂದ ಮರಳಿನಲ್ಲಿ ಸುಮಾರು ಒಂದೂವರೆ ಅಡಿ ಆಳದ ಗುಳಿಯನ್ನು ತೋಡಿ, ನೂರರಷ್ಟು ಅಥವಾ ಅದಕ್ಕಿಂತ ಹೆಚ್ಚು ಮೊಟ್ಟೆಗಳನ್ನಿಟ್ಟು, ಮರಳು ಮುಚ್ಚಿ ಸಮುದ್ರಕ್ಕೆ ಹಿಂದಿರುಗುತ್ತದೆ. ಮತ್ತೆ ಅದು ಆ ಗೂಡಿನತ್ತ ಬರುವುದಿಲ್ಲ. ಮೊಟ್ಟೆಗಳಿಗೆ ಮರಳಿನ ಶಾಖವೇ ಕಾವು. ಸುಮಾರು 45ರಿಂದ 60 ದಿನಗಳಲ್ಲಿ ಮರಿಗಳು ಹೊರಬರುತ್ತವೆ. ಮರಿ ಗಂಡಾಗುವುದೋ ಹೆಣ್ಣಾಗುವುದೋ ಎಂಬುದನ್ನೂ ಮರಳಿನ ಉಷ್ಣತೆಯೇ ನಿರ್ಧರಿಸುತ್ತದೆ. ಉಷ್ಣತೆ ಹೆಚ್ಚಿದಲ್ಲಿ ಹೆಣ್ಣುಮರಿಗಳ ಸಂಖ್ಯೆ ಹೆಚ್ಚುತ್ತದೆ. ಭೂಮಿಯ ತಾಪಮಾನ ಏರುತ್ತಿರುವ ಈ ಕಾಲದಲ್ಲಿ ಇದು ಚಿಂತೆಗೆ ಕಾರಣವಾದ ಸಂಗತಿ.

ರಾತ್ರಿ ಹೊರಬಂದ ಮರಿಗಳು ಬೆಳಕು ಹೆಚ್ಚಿರುವ ದಿಕ್ಕನ್ನು ಸಮುದ್ರವೆಂದು ತಿಳಿದು ಅತ್ತ ಸಾಗುತ್ತವೆ. ದಡದಲ್ಲಿ ವಿದ್ಯುದ್ದೀಪಗಳು ಉರಿಯುತ್ತಿದ್ದರೆ ಅವು ದಾರಿ ತಪ್ಪಿ, ನಾಯಿ, ನರಿ, ಹಕ್ಕಿಗಳಿಗೆ ಆಹಾರವಾಗುತ್ತವೆ. ಸಮುದ್ರ ಸೇರಿದವುಗಳಲ್ಲಿಯೂ ಬೆಳೆದು ದೊಡ್ಡವಾಗುವುವು ಬಹಳ ಕಡಿಮೆ. ಸಾವಿರಕ್ಕೆ ಒಂದು ಎಂಬುದು ಸಾಮಾನ್ಯವಾಗಿ ಹೇಳಲಾಗುವ ಲೆಕ್ಕ. ಆದುದರಿಂದ ಮೊಟ್ಟೆಯಿಡುವ ವಯಸ್ಸಿಗೆ ಬಂದ ಒಂದು ಹೆಣ್ಣಾಮೆಯ ಸಾವು ಸಾವಿರಾರು ಮೊಟ್ಟೆಗಳ ನಷ್ಟಕ್ಕೆ ಸಮಾನ. ದಂಡೆಯಲ್ಲಿ ಗೂಡುಗಳನ್ನು ಕಾಯುವುದರಿಂದ ಮಾತ್ರವೇ ಈ ಜೀವಿ ಉಳಿಯಲಾರದೆಂಬುದಕ್ಕೆ ಇದೇ ಕಾರಣ.

ಅಭಯಧಾಮದ ಸ್ಥಾಪನೆ

ಗಹೀರಮಥಾದ ಮಹತ್ವವು ವಿಜ್ಞಾನ ಜಗತ್ತಿಗೆ ತಿಳಿದದ್ದು 1974ರಲ್ಲಿ. ಮೊಸಳೆಗಳ ಸಂರಕ್ಷಣೆಯ ಕಾರ್ಯಕ್ಕಾಗಿ ಭಾರತಕ್ಕೆ ಬಂದಿದ್ದ ತಜ್ಞ ಎಚ್. ಆರ್. ಬಸ್ಟರ್ಡ್ ಅವರು ಇದನ್ನು ಬೆಳಕಿಗೆ ತಂದರು. ಸ್ಥಳೀಯರಿಗೆ ಅದು ಮೊದಲೇ ತಿಳಿದಿತ್ತು. ಮೊಟ್ಟೆ ಸಂಗ್ರಹಣೆಗೆ ಪರವಾನಗಿ ನೀಡಲಾಗುತ್ತಿದ್ದ ಕಾಲವದು. ದೋಣಿಗಟ್ಟಲೆ ಮೊಟ್ಟೆಗಳು ಕಲ್ಕತ್ತೆಯ ಮಾರುಕಟ್ಟೆಗೆ ಹೋಗುತ್ತಿದ್ದವು. 1975ರಲ್ಲಿ ಭಿತರಕನಿಕಾ ವನ್ಯಜೀವಿಧಾಮವು ಸ್ಥಾಪಿತವಾಯಿತು. ಆಲಿವ್ ರಿಡ್ಲಿಯನ್ನು 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದ ಮೊದಲನೆಯ ಅನುಸೂಚಿಗೆ ಸೇರಿಸಲಾಯಿತು. ಮುಂದೆ 1997ರಲ್ಲಿ ದಂಡೆಯೊಂದಿಗೆ ಸಮೀಪದ ಸಮುದ್ರವನ್ನೂ ಒಳಗೊಂಡಂತೆ 1,435 ಚದರ ಕಿಲೋಮೀಟರ್ ವಿಸ್ತೀರ್ಣದ ಗಹೀರಮಥಾ ಕಡಲ ಅಭಯಧಾಮವನ್ನು ಘೋಷಿಸಲಾಯಿತು. ಇದರ ಬಹುಭಾಗವು ನೀರೇ ಎಂಬುದು ಗಮನಾರ್ಹ. ಇದೇ ರಾಜ್ಯದ ದೇವಿ ಮತ್ತು ಋಷಿಕುಲ್ಯಾ ನದೀಮುಖಗಳೂ ಸಾಮೂಹಿಕವಾಗಿ ಮೊಟ್ಟೆಯಿಡುವ ತಾಣಗಳೆಂದು ಆ ವೇಳೆಗಾಗಲೇ ಗುರುತಿಸಲ್ಪಟ್ಟಿದ್ದವು.

ಬಲೆ ಮತ್ತು ಜೀವನೋಪಾಯ

ಆಮೆಯು ನೀರಿನಲ್ಲಿ ಬಾಳಿದರೂ ಶ್ವಾಸಕೋಶದಿಂದ ಉಸಿರಾಡುವ ಜೀವಿ. ಗಾಳಿಗಾಗಿ ಅದು ಮೇಲಕ್ಕೆ ಬರಲೇಬೇಕು. ಯಾಂತ್ರಿಕ ಟ್ರಾಲರ್ ದೋಣಿಗಳು ಗಂಟೆಗಟ್ಟಲೆ ಎಳೆಯುವ ಬಲೆಯಲ್ಲಿ ಸಿಲುಕಿದ ಆಮೆಯು ಮೇಲೇರಲಾಗದೆ ಮುಳುಗಿ ಸಾಯುತ್ತದೆ. 2025ರ ಜನವರಿಯಲ್ಲಿ ಚೆನ್ನೈ ಸುತ್ತಮುತ್ತಲಿನ ಕಡಲತೀರಗಳಲ್ಲಿ ನೂರಾರು ಆಮೆಗಳ ಕಳೇಬರಗಳು ತೇಲಿಬಂದಾಗ ಇದೇ ಕಾರಣವು ಚರ್ಚೆಗೆ ಬಂದಿತು.

ಇದಕ್ಕೆ ಪರಿಹಾರವಾಗಿ ಆಮೆಯನ್ನು ಹೊರಬಿಡುವ ಸಾಧನವೊಂದನ್ನು ರೂಪಿಸಲಾಗಿದೆ. ಬಲೆಯೊಳಗೆ ಓರೆಯಾಗಿ ಕೂರಿಸಿದ ಲೋಹದ ಸರಳುಗಳ ಚೌಕಟ್ಟು ಇದು. ಸಿಗಡಿ ಮತ್ತು ಸಣ್ಣ ಮೀನುಗಳು ಸರಳುಗಳ ನಡುವೆ ನುಸುಳಿ ಬಲೆಯ ಕೊನೆಗೆ ಸೇರುತ್ತವೆ. ಆಮೆಯು ಚೌಕಟ್ಟಿಗೆ ತಾಗಿ, ಅಲ್ಲಿರುವ ಕಿಂಡಿಯಿಂದ ಹೊರಹೋಗುತ್ತದೆ. ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆಯು ಭಾರತದ ದೋಣಿಗಳಿಗೆ ಹೊಂದುವಂತೆ ಇದನ್ನು ಸಿದ್ಧಪಡಿಸಿದೆ. ಆದರೆ ಹಿಡಿದ ಮೀನಿನ ಒಂದಂಶವೂ ಕಿಂಡಿಯಿಂದ ಹೋಗಿಬಿಡುವುದೆಂಬ ಅಳುಕು ಮೀನುಗಾರರಿಗಿದೆ. ಈ ಸಾಧನದ ಬಳಕೆಯಿಲ್ಲವೆಂಬ ಕಾರಣದಿಂದ 2019ರಲ್ಲಿ ಅಮೆರಿಕವು ಭಾರತದ ಸಮುದ್ರದಲ್ಲಿ ಹಿಡಿದ ಸಿಗಡಿಯ ಆಮದನ್ನು ನಿಲ್ಲಿಸಿತು. ಆಮೆಯ ಹಿತವೂ ಮೀನುಗಾರನ ಹಿತವೂ ಬೇರೆ ಬೇರೆಯಲ್ಲವೆಂಬುದಕ್ಕೆ ಇದೊಂದು ನಿದರ್ಶನ.

ಧಾಮ್ರಾ, ದೇವಿ ಮತ್ತು ಋಷಿಕುಲ್ಯಾ ನದೀಮುಖಗಳ ಬಳಿ ನವೆಂಬರ್ 1ರಿಂದ ಮೇ 31ರವರೆಗೆ ಏಳು ತಿಂಗಳ ಕಾಲ ಮೀನುಗಾರಿಕೆಗೆ ನಿರ್ಬಂಧವಿರುತ್ತದೆ. ಅರಣ್ಯ ಇಲಾಖೆಯೊಂದಿಗೆ ಭಾರತೀಯ ಕರಾವಳಿ ರಕ್ಷಣಾ ಪಡೆಯೂ ಪಹರೆ ನಡೆಸುತ್ತದೆ. ನಿರ್ಬಂಧದ ಭಾರವು ಮುಖ್ಯವಾಗಿ ಸಣ್ಣ ದೋಣಿಗಳ ಬಡ ಮೀನುಗಾರರ ಮೇಲೆ ಬೀಳುವುದರಿಂದ, ಅಂತಹ ಕುಟುಂಬಗಳಿಗೆ ರಾಜ್ಯ ಸರ್ಕಾರವು ಜೀವನೋಪಾಯದ ನೆರವನ್ನು ನೀಡುತ್ತ ಬಂದಿದೆ. ಈ ನೆರವು ಸಕಾಲದಲ್ಲಿ, ಸಾಕಷ್ಟು ದೊರೆತಲ್ಲಿ ಮಾತ್ರ ಸಂರಕ್ಷಣೆಯು ಜನರ ಒಪ್ಪಿಗೆಯನ್ನು ಪಡೆಯಬಲ್ಲದು.

ಬಿಲ್ಲೆಯೊಂದರ ಸಾಕ್ಷ್ಯ

ಮೊಟ್ಟೆಯಿಟ್ಟ ನಂತರ ಆಮೆಗಳು ಎಲ್ಲಿಗೆ ಹೋಗುತ್ತವೆ? ಇದನ್ನು ತಿಳಿಯಲು ಅವುಗಳ ಮುಂಗಾಲಿಗೆ ಸಂಖ್ಯೆಯನ್ನು ಕೆತ್ತಿದ ಲೋಹದ ಬಿಲ್ಲೆಯನ್ನು ತೊಡಿಸುವ ಪದ್ಧತಿಯಿದೆ. 2001ರಲ್ಲಿ ಭಾರತೀಯ ವನ್ಯಜೀವಿ ಸಂಸ್ಥೆಯು ಒಡಿಶಾ ತೀರದ ಕೆಲವು ಆಮೆಗಳ ಜಾಡನ್ನು ಉಪಗ್ರಹದ ಮೂಲಕ ಹಿಡಿಯುವ ಪ್ರಯೋಗವನ್ನೂ ನಡೆಸಿತು. 2021ರಲ್ಲಿ ಭಾರತೀಯ ಪ್ರಾಣಿ ಸರ್ವೇಕ್ಷಣಾ ಸಂಸ್ಥೆಯು ಬಿಲ್ಲೆ ತೊಡಿಸುವ ಕಾರ್ಯವನ್ನು ಮತ್ತೆ ಕೈಗೊಂಡಿತು.

ಆ ವರ್ಷದ ಮಾರ್ಚ್ ತಿಂಗಳಲ್ಲಿ 03233 ಎಂಬ ಸಂಖ್ಯೆಯ ಬಿಲ್ಲೆಯನ್ನು ಪಡೆದ ಆಮೆಯು 2025ರ ಜನವರಿ 27ರಂದು ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ಗುಹಾಗರ ತೀರದಲ್ಲಿ ಮೊಟ್ಟೆಯಿಡುತ್ತಿದ್ದುದು ಕಂಡುಬಂದಿತು. ಪೂರ್ವ ಕರಾವಳಿಯಿಂದ ದಕ್ಷಿಣದ ತುದಿಯನ್ನು ಬಳಸಿ ಪಶ್ಚಿಮ ಕರಾವಳಿಗೆ ಬರಲು ಅದು ಸುಮಾರು 3,500 ಕಿಲೋಮೀಟರ್ ಕ್ರಮಿಸಿರಬೇಕೆಂದು ಅಂದಾಜು ಮಾಡಲಾಗಿದೆ. ಎರಡು ಕರಾವಳಿಗಳ ಆಮೆಗಳು ಬೇರೆ ಬೇರೆ ಎಂಬ ಎಣಿಕೆಯನ್ನು ಈ ಒಂದು ಬಿಲ್ಲೆ ಪ್ರಶ್ನಿಸಿತು. ಗಹೀರಮಥಾದಲ್ಲಿ ರಕ್ಷಣೆ ಪಡೆದ ಆಮೆಯು ಬೇರೊಂದು ರಾಜ್ಯದ ಬಲೆಯಲ್ಲಿ ಸಾಯಬಹುದು. ಅಂತೆಯೇ ಬೇರೊಂದು ದಂಡೆಯಲ್ಲಿ ವಂಶವನ್ನು ಬೆಳೆಸಲೂಬಹುದು.

ಸಾರ್ವಜನಿಕರ ಪಾತ್ರ

ಆದುದರಿಂದ ಈ ಹೊಣೆಯು ಒಡಿಶಾ ಒಂದಕ್ಕೇ ಸೇರಿದ್ದಲ್ಲ. ಉತ್ತರ ಕನ್ನಡದ ಹೊನ್ನಾವರ, ಕಾರವಾರಗಳ ಕಡಲತೀರಗಳಲ್ಲಿಯೂ ಈ ಆಮೆಗಳು ಮೊಟ್ಟೆಯಿಡುತ್ತವೆ. ಚೆನ್ನೈಯಲ್ಲಿ ವಿದ್ಯಾರ್ಥಿಗಳು ಹಲವು ದಶಕಗಳಿಂದ ರಾತ್ರಿ ದಂಡೆಯುದ್ದಕ್ಕೂ ನಡೆದು ಗೂಡುಗಳನ್ನು ರಕ್ಷಿಸುತ್ತಿದ್ದಾರೆ. ಮುಂಬಯಿಯ ವರ್ಸೋವಾ ತೀರವನ್ನು ನಾಗರಿಕರು ಶುಚಿಗೊಳಿಸಿದ ಬಳಿಕ, 2018ರಲ್ಲಿ ಅಲ್ಲಿ ಆಮೆಮರಿಗಳು ಕಾಣಿಸಿಕೊಂಡವು.

ದಂಡೆಯಲ್ಲಿ ಆಮೆಯನ್ನು ಕಂಡವರು ದೂರದಲ್ಲಿಯೇ ನಿಲ್ಲಬೇಕು, ದೀಪ ಹಾಯಿಸಬಾರದು, ಮೊಟ್ಟೆಗಳನ್ನು ಮುಟ್ಟದೆ ಸಮೀಪದ ಅರಣ್ಯ ಇಲಾಖೆಯ ಕಚೇರಿಗೆ ತಿಳಿಸಬೇಕು. ಕಾಲಿನಲ್ಲಿ ಬಿಲ್ಲೆಯಿದ್ದರೆ ಅದರ ಸಂಖ್ಯೆಯನ್ನು ಬರೆದುಕೊಳ್ಳಬೇಕು. ಗುಹಾಗರದಲ್ಲಿ ಆ ಐದು ಅಂಕಿಗಳನ್ನು ಗಮನಿಸಿದವರಿಲ್ಲದಿದ್ದರೆ, ಒಂದು ಆಮೆಯ ದೀರ್ಘ ಪಯಣವು ಯಾರಿಗೂ ತಿಳಿಯದೆ ಹೋಗುತ್ತಿತ್ತು.